ಒಂದು ತಂತಿ ಗುಡುಗಿದರೆ ಇನ್ನೊಂದು ಪಿಸುಗುಟ್ಟುವುದೇಕೆ?

ಕೆ.ಆರ್. ನಗರದ ಬಳಿಯ ಚುಂಚನಕಟ್ಟೆಯ ಜಾತ್ರೆಯಾಗಲಿ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಗಣೇಶೋತ್ಸವವಾಗಲಿ, ರಾತ್ರಿಯ ರಸಮಂಜರಿ ಎಂದರೆ ಜನ ಸೇರುತ್ತಾರೆ. ಎಲ್ಲರ ಕಣ್ಣೂ ಗಾಯಕರ ಮೇಲೆ. ಹಿಂದೆ ನಿಂತು ನಾಲ್ಕು ದಪ್ಪ ತಂತಿಗಳ ಬೇಸ್ ಗಿಟಾರ್ ನುಡಿಸುವವರತ್ತ ಗಮನ ಹರಿಯುವುದು ಅಪರೂಪ. ಆದರೆ ಹಾಡಿನ ತಳಪಾಯ ಇರುವುದು ಅವರ ಕೈಯಲ್ಲೇ. ಆ ನಾಲ್ಕರಲ್ಲಿ ಒಂದು ತಂತಿ ಗುಡುಗಿ ಮತ್ತೊಂದು ಪಿಸುಗುಟ್ಟಿದರೆ, ತಾಳ ತಪ್ಪದಿದ್ದರೂ ಹಾಡು ಕುಂಟುತ್ತದೆ. ತಪ್ಪು ತನ್ನ ಬೆರಳಿನದೆಂದು ವಾದಕ ಕುಗ್ಗುತ್ತಾನೆ. ಇಲ್ಲವೇ ಸಾಲ ಮಾಡಿ ಹೊಸ ವಾದ್ಯ ಕೊಳ್ಳಲು ಹೊರಡುತ್ತಾನೆ. ಎಷ್ಟೋ ವೇಳೆ ಒಂದು ಸ್ಕ್ರೂಡ್ರೈವರ್ ಸಾಕಾಗಿರುತ್ತದೆ.

ಈ ತೊಂದರೆ ಹೊಸದೇನಲ್ಲ. ವೀಣೆಯ ಕುದುರೆಯ ಮೇಲಿನ ಲೋಹದ ತಗಡು ಸವೆದು ಏರುಪೇರಾದರೆ ನಾದ ಮಂಕಾಗುತ್ತದೆ. ಅದನ್ನು ಉಜ್ಜಿ ಸಮ ಮಾಡುವುದು, ಮೇಣದಲ್ಲಿ ಕೂರಿಸಿದ ಮೆಟ್ಟಿಲುಗಳನ್ನು ಸರಿಪಡಿಸುವುದು ವೀಣೆ ಮಾಡುವವರಿಗೆ ಹಳೆಯ ಕೆಲಸ. ಅಲ್ಲಿ ಮರ ಮಾಡುವ ಕೆಲಸವನ್ನು ಬೇಸ್ ಗಿಟಾರಿನಲ್ಲಿ ಆಯಸ್ಕಾಂತ ಮಾಡುತ್ತದೆ.

ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ‘ಪ್ರಿಸಿಷನ್ ಬೇಸ್’ ಅನ್ನು ಮಾರುಕಟ್ಟೆಗೆ ತಂದ ಮೇಲೆ ಈ ವಾದ್ಯ ಜನಪ್ರಿಯವಾಯಿತು. ತಂತಿಗಳ ಕೆಳಗಿರುವ ‘ಪಿಕಪ್’ ಎಂದರೆ ಆಯಸ್ಕಾಂತ ಮತ್ತು ಅದರ ಸುತ್ತ ಸುತ್ತಿದ ತಾಮ್ರದ ಎಳೆಯ ಸುರುಳಿ. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ವವಿದು. ತಂತಿ ಆಯಸ್ಕಾಂತಕ್ಕೆ ಹತ್ತಿರವಾದಷ್ಟೂ ದನಿ ಜೋರು, ದೂರವಾದಷ್ಟೂ ಮೆಲು.

ಆದ್ದರಿಂದ ಮೊದಲು ತಂತಿಗಳನ್ನು ನೋಡಬೇಕು. ಮೂರು ಹಳೆಯವು, ಒಂದು ಹೊಸದು ಎಂದಾದರೆ ಸಮತೋಲ ಸಿಗದು. ಒಂದೇ ಸೆಟ್ಟಿನ ನಾಲ್ಕನ್ನೂ ಹಾಕಬೇಕು. ನಂತರ ತಂತಿಯನ್ನು ಕೊನೆಯ ಮೆಟ್ಟಿಲಿನಲ್ಲಿ ಒತ್ತಿ ಹಿಡಿದು ಪಿಕಪ್ಪಿಗೂ ತಂತಿಗೂ ಇರುವ ಅಂತರ ಅಳೆಯಬೇಕು. ಸುಮಾರು 2ರಿಂದ 3 ಮಿ.ಮೀ. ಇದ್ದರೆ ಆರಂಭಕ್ಕೆ ಸಾಕು. ದಪ್ಪ ತಂತಿಯ ಕಡೆ ತುಸು ಹೆಚ್ಚು ಅಂತರವಿರಲಿ. ಪಿಕಪ್ಪಿನ ಪಕ್ಕದ ಸ್ಕ್ರೂಗಳನ್ನು ಕಾಲು ಸುತ್ತಿನಂತೆ ತಿರುಗಿಸುತ್ತ, ಪ್ರತಿ ಸಲವೂ ನುಡಿಸಿ ಕೇಳಬೇಕು. ಮೆಲುದನಿಯ ತಂತಿಯನ್ನು ಮೇಲೆತ್ತುವುದಕ್ಕಿಂತ ಗುಡುಗುವ ಕಡೆಯನ್ನು ತಗ್ಗಿಸುವುದು ಲೇಸು. ಪಿಕಪ್ ತೀರಾ ಹತ್ತಿರ ಬಂದರೆ ಆಯಸ್ಕಾಂತವೇ ತಂತಿಯನ್ನು ಎಳೆದು ಶ್ರುತಿ ಕೆಡಿಸುತ್ತದೆ.

ಇಷ್ಟಾದರೂ ದಪ್ಪ ತಂತಿಯ ದನಿ ಕೇಳಿಸದಿದ್ದರೆ ಧ್ವನಿವರ್ಧಕದ ಮೇಲೆ ಅನುಮಾನಪಡಬೇಕು. ಆ ತಂತಿಯ ಮೂಲ ಸ್ವರ ಸೆಕೆಂಡಿಗೆ ಸುಮಾರು 41 ಕಂಪನ. ತೆಳು ತಂತಿಯದು 98. ಕಂಬಕ್ಕೆ ಕಟ್ಟುವ ಹಾರ್ನ್ ಸ್ಪೀಕರಿಗೆ ಅಷ್ಟು ತಗ್ಗಿನ ದನಿ ಹೊರಡಿಸುವ ಶಕ್ತಿಯಿಲ್ಲ. ನಮ್ಮ ಕಿವಿಯೂ ತಗ್ಗಿನ ಸ್ವರಗಳಿಗೆ ಮಂದವೇ. ವಾದ್ಯವನ್ನು ಮಾರುವ ಮುನ್ನ ಅದನ್ನು ಬೇರೊಂದು ದೊಡ್ಡ ಸ್ಪೀಕರಿನಲ್ಲಿ ಕೇಳಿ ನೋಡುವುದು ಜಾಣತನ.