ಬೇರು ಎಲೆಗೆ ಕಳುಹಿಸುವ ಸಂದೇಶ

ನಮ್ಮ ಕಾಲಿಗೆ ಮುಳ್ಳು ಚುಚ್ಚಿದರೆ ನರಗಳು ಆ ಸುದ್ದಿಯನ್ನು ಒಡನೆಯೇ ಮಿದುಳಿಗೆ ಮುಟ್ಟಿಸುತ್ತವೆ. ಗಿಡಕ್ಕೆ ನರಗಳೂ ಇಲ್ಲ, ಮಿದುಳೂ ಇಲ್ಲ. ಹಾಗಾದರೆ ಮಣ್ಣು ಒಣಗಿತೆಂಬುದನ್ನು ಬೇರು ಎಲೆಗೆ ತಿಳಿಸುವುದೆಂತು?

ಜಪಾನಿನ ರೈಕೆನ್ ಸಂಸ್ಥೆಯ ವಿಜ್ಞಾನಿಗಳು 2018ರಲ್ಲಿ ಈ ಪ್ರಶ್ನೆಗೊಂದು ಉತ್ತರವನ್ನು ಪ್ರಕಟಿಸಿದರು. ಅವರು ಪರೀಕ್ಷಿಸಿದುದು ಸಾಸಿವೆಯ ಕುಟುಂಬಕ್ಕೆ ಸೇರಿದ ಅರಬಿಡಾಪ್ಸಿಸ್ ಎಂಬ ಪುಟ್ಟ ಸಸ್ಯವನ್ನು. ನೀರು ಸಾಲದಾದಾಗ ಅದರ ಬೇರು ‘ಸಿ.ಎಲ್.ಇ. 25’ ಎಂಬ ಪೆಪ್ಟೈಡನ್ನು ಹೆಚ್ಚಾಗಿ ತಯಾರಿಸುತ್ತದೆ. ಪ್ರೋಟೀನಿನಂತೆ ಪೆಪ್ಟೈಡೂ ಅಮೈನೋ ಆಮ್ಲಗಳ ಸರಪಳಿಯೇ; ಆದರೆ ಬಹು ಗಿಡ್ಡದು. ಇದರಲ್ಲಿರುವ ಕೊಂಡಿಗಳು ಕೇವಲ 12. ಇದು ವಾಹಕನಾಳಗಳ ಮೂಲಕ ಎಲೆಯನ್ನು ಸೇರಿದೊಡನೆ ಅಲ್ಲಿ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚುತ್ತದೆ. ಆಗ ಪತ್ರರಂಧ್ರಗಳು ಮುಚ್ಚಿಕೊಂಡು, ನೀರು ಆವಿಯಾಗಿ ಹೋಗುವುದು ತಗ್ಗುತ್ತದೆ. ಈ ಪೆಪ್ಟೈಡನ್ನು ತಯಾರಿಸಲಾರದ ಗಿಡಗಳು ನೀರಿನ ಕೊರತೆಯನ್ನು ಅಷ್ಟಾಗಿ ತಾಳಲಾರವು.

ಆದರೆ ಈ ರಕ್ಷಣೆಗೆ ಬೆಲೆಯೂ ಉಂಟು. ರಂಧ್ರಗಳು ಮುಚ್ಚಿದರೆ ಇಂಗಾಲದ ಡೈಆಕ್ಸೈಡು ಸಾಕಷ್ಟು ಒಳಸೇರದು. ಆಹಾರದ ತಯಾರಿಕೆ ಕುಗ್ಗಿ ಬೆಳವಣಿಗೆ ಕುಂಠಿತವಾಗುತ್ತದೆ. ಬೆಳೆಯುವುದಕ್ಕಿಂತ ಬದುಕಿ ಉಳಿಯುವುದು ಮೊದಲು. ಮತ್ತೆ ನೀರು ದೊರೆತಾಗ ರಂಧ್ರಗಳು ತೆರೆಯುತ್ತವೆ. ತಡೆದಿದ್ದ ಬೆಳವಣಿಗೆಯೂ ಮುಂದುವರಿಯುತ್ತದೆ. ಬೇಸಗೆಯಲ್ಲಿ ಕುಂಡದ ಗಿಡಕ್ಕೆ ನೀರೆರೆಯುವ ವಿದ್ಯಾರ್ಥಿಯು ಆ ಬೆಳವಣಿಗೆಗೆ ಅನುಮತಿಯನ್ನೇ ನೀಡುತ್ತಾನೆ ಎನ್ನಬಹುದು.