ವಂಶವಳಿದ ಮನೆತನ: ನಿಪ್ಪಾಣಿಯ ದೇಸಗತಿ

ಆಂಗ್ಲರಲ್ಲಿ ‘ಬ್ಯಾರನೆಟ್’ ಎಂಬ ವಂಶಪರಂಪರೆಯ ಬಿರುದೊಂದುಂಟು. 1611ರಲ್ಲಿ ಒಂದನೆಯ ಜೇಮ್ಸ್ ದೊರೆಯು ಹಣದ ಅಡಚಣೆಯಿಂದ ಇದನ್ನು ಹುಟ್ಟಿಸಿದನು. ಬಿರುದು ಬಯಸಿದವರು 30 ಕಾಲಾಳುಗಳ ಮೂರು ವರ್ಷದ ವೆಚ್ಚವೆಂದು 1,095 ಪೌಂಡುಗಳನ್ನು ಸಲ್ಲಿಸಬೇಕಾಗಿದ್ದಿತು. ಬಿರುದು ಸಾಮಾನ್ಯವಾಗಿ ಔರಸ ಪುರುಷಸಂತತಿಗೆ ಮಾತ್ರ ಸಲ್ಲುವುದು. ಅದು ತೀರಿದೊಡನೆ ಬಿರುದೂ ಅಳಿಯುವುದು. ದತ್ತಕನಿಗೆ ಅದರಲ್ಲಿ ಹಕ್ಕಿಲ್ಲ. ಆದರೆ ಭೂಮಿಕಾಣಿಗಳನ್ನು ರಾಜನು ಕಸಿದುಕೊಳ್ಳನು. ಅವು ಮಗಳಿಗೋ ಸೋದರಳಿಯನಿಗೋ ಸಲ್ಲಬಹುದು. ಬಿರುದು ಹೋದರೂ ಮನೆಯ ಒಲೆ ಆರದು.

ಅದೇ ಜನರು ನಮ್ಮ ನಾಡಿನ ಮನೆತನಗಳಿಗೆ ತೋರಿಸಿದ ನ್ಯಾಯವೇ ಬೇರೆ. ನಿಪ್ಪಾಣಿಯ ಸಿದ್ಧೋಜಿರಾವ್ ನಾಯಕ ನಿಂಬಾಳಕರನು, ಅಂದರೆ ಅಪ್ಪಾ ದೇಸಾಯಿಯು, ಪೇಶ್ವೆ ಎರಡನೆಯ ಬಾಜೀರಾಯನಿಂದ ಸರಲಷ್ಕರನೆನಿಸಿದ ಪರಾಕ್ರಮಿ. 1803ರ ದಂಡಯಾತ್ರೆಯಲ್ಲಿ, ಮುಂದೆ ವೆಲಿಂಗ್ಟನ್ ಎಂದು ಲೋಕವಿಖ್ಯಾತನಾದ ವೆಲ್ಲೆಸ್ಲಿಯ ಸಂಗಡ ಇವನ ಕುದುರೆದಳವು ನಡೆದಿದ್ದಿತು. ಚಿಕ್ಕೋಡಿ ಸೀಮೆಗಾಗಿ ಕೊಲ್ಲಾಪುರದವರೊಡನೆ ಇವನು ಹೂಡಿದ ಕಲಹಗಳನ್ನು ನೆನೆದರೆ, ಇವನನ್ನು ಸಾಧುಪುರುಷನೆನ್ನಲು ಬಾರದು.

ಇಂತಹನಿಗೆ ಕೊರತೆಯಾದುದು ಒಂದು ಗಂಡುಮಗು. ಹಲವು ಪತ್ನಿಯರಿದ್ದರೂ ಫಲವಾಗಲಿಲ್ಲ. ಕೊನೆಗೆ ಅರಮನೆಯಲ್ಲಿ ಮಗನು ಹುಟ್ಟಿದನೆಂದು ಸಾರಲಾಯಿತು. ಕುಂಪಣಿ ಸರಕಾರದವರು ಆ ಕೂಸು ದೇಸಾಯರದಲ್ಲವೆಂದು ತೀರ್ಮಾನಿಸಿದರು. ಅಂತಃಪುರದ ಹೆಂಗಸರು ಆ ದಿನಗಳನ್ನು ಹೇಗೆ ಕಳೆದರೋ, ಕಾಗದಪತ್ರಗಳು ಅದನ್ನು ಹೇಳುವುದಿಲ್ಲ. 1839ರಲ್ಲಿ ದೇಸಾಯನು ತೀರಿಕೊಳ್ಳಲು ಸಂಸ್ಥಾನವು ಖಾಲಸಾ ಆಯಿತು. ಅಥಣಿಯೂ ಅದರೊಡನೆ ಕುಂಪಣಿಯ ಕೈಸೇರಿತು. 1841ರಲ್ಲಿ ಅರಬ ಸಿಪಾಯಿಗಳು ನಿಪ್ಪಾಣಿಯ ಕೋಟೆಯನ್ನು ಹಿಡಿದು ಕುಳಿತರು. ಆದರೆ ಆಂಗ್ಲರ ಸೈನ್ಯವು ಬಂದು ಅದನ್ನು ಮರಳಿ ವಶಪಡಿಸಿಕೊಂಡಿತು.

ದತ್ತಕವು ನಮ್ಮ ಧರ್ಮಶಾಸ್ತ್ರಕ್ಕೆ ಸಮ್ಮತವಾದುದು. ಪಿಂಡಪ್ರದಾನಕ್ಕೂ ಆಸ್ತಿಗೂ ದತ್ತಪುತ್ರನೇ ಅಧಿಕಾರಿ. ಇದನ್ನು ಒಪ್ಪದೆ 1824ರಲ್ಲಿ ಕಿತ್ತೂರಿನಲ್ಲಿ ಥ್ಯಾಕರೆಯು ತನ್ನ ಪ್ರಾಣವನ್ನೇ ತೆತ್ತಿದ್ದನು. ಡಾಲ್‌ಹೌಸಿಯು ಹಿಂದೂಸ್ಥಾನಕ್ಕೆ ಕಾಲಿಡುವ ಮುನ್ನವೇ ನಮ್ಮ ಬೆಳಗಾವಿಯ ಸೀಮೆಯು ಈ ಕಟ್ಟಳೆಯ ರುಚಿಯನ್ನು ಎರಡು ಸಲ ಕಂಡಿದ್ದಿತೆಂಬುದನ್ನು ಇತಿಹಾಸದ ಪಠ್ಯಗಳು ಏಕೋ ಒತ್ತಿ ಹೇಳುವುದಿಲ್ಲ. ಕಾಗವಾಡದ ಸಮೀಪದ ಶೇಡಬಾಳದಲ್ಲಿ ಪಟವರ್ಧನರ ಜಹಗೀರೂ ವಾರಸುದಾರರಿಲ್ಲದೆ 1857ರಲ್ಲಿ ಇದೇ ಹಾದಿ ಹಿಡಿಯಿತು.

ಅದೇ ವರುಷದ ದಂಗೆಯು ಆಂಗ್ಲರ ಕಣ್ಣು ತೆರೆಸಿತು. 1862ರಲ್ಲಿ ಕ್ಯಾನಿಂಗ್ ಪ್ರಭುವು ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ದಯಪಾಲಿಸಿದನು. ಅಷ್ಟರಲ್ಲಿ ನಿಪ್ಪಾಣಿಯ ದೇಸಾಯನು ತೀರಿಹೋಗಿ 23 ವರುಷಗಳಾಗಿದ್ದವು.