ಕಾಂಕ್ರೀಟು ನೆಲದ ಎಣ್ಣೆ ಕಲೆ

ಸ್ಕೂಟರ್ ಅಥವಾ ಕಾರು ದಿನವೂ ನಿಲ್ಲುವ ಜಾಗವನ್ನು ಗಮನಿಸಿ. ಎಂಜಿನ್ನಿನ ಕೆಳಗೆ ಒಂದು ಕಪ್ಪು ಕಲೆ ಇರುವುದು ಸಾಮಾನ್ಯ. ಅದೇ ಎಣ್ಣೆ ನುಣುಪಾದ ಟೈಲ್ಸ್ ಮೇಲೆ ಬಿದ್ದಿದ್ದರೆ ಹಳೆಯ ಬಟ್ಟೆಯಿಂದ ಒರೆಸಿದರೆ ಸಾಕಿತ್ತು. ಕಾಂಕ್ರೀಟು ನೆಲದ ಕಲೆ ಮಾತ್ರ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಏಕೆ? ಎಣ್ಣೆ ಇರುವುದು ನೆಲದ ಮೇಲಲ್ಲ, ನೆಲದ ಒಳಗೆ. ಇದನ್ನು ಅರಿತರೆ ಯಾವ ವಿಧಾನ ಫಲಿಸುತ್ತದೆ, ಯಾವುದು ವ್ಯರ್ಥ, ಯಾವುದು ಅಪಾಯಕಾರಿ ಎಂಬುದನ್ನು ನೀವೇ ತರ್ಕಿಸಬಹುದು.

ನೆಲದ ಒಳಗೆ ದಾರಿ ಎಲ್ಲಿಂದ ಬಂತು?

ಕಾಂಕ್ರೀಟು ಕಲಸುವಾಗ ಸಿಮೆಂಟಿನ ತೂಕದ ಸುಮಾರು ಅರ್ಧದಷ್ಟು ನೀರನ್ನು ಸೇರಿಸುವುದು ರೂಢಿ. ಸಿಮೆಂಟಿನೊಡನೆ ರಾಸಾಯನಿಕವಾಗಿ ಕೂಡುವ ನೀರು ಅದರ ತೂಕದ ಕಾಲು ಭಾಗದಷ್ಟು ಮಾತ್ರ. ಉಳಿದದ್ದರಲ್ಲಿ ಬಹುಪಾಲು ಕ್ರಮೇಣ ಆವಿಯಾಗುತ್ತದೆ. ಅದು ಇದ್ದೆಡೆ ಸೂಕ್ಷ್ಮ ರಂಧ್ರಗಳ ಜಾಲ ಉಳಿಯುತ್ತದೆ. ಈ ರಂಧ್ರಗಳ ಅಗಲ ಕೆಲವು ನ್ಯಾನೊಮೀಟರಿನಿಂದ ಕೆಲವು ಮೈಕ್ರೊಮೀಟರಿನವರೆಗೆ ಇರುತ್ತದೆ. ನೀರು ಹೆಚ್ಚು ಹಾಕಿ ಕಲಸಿದ ಕಾಂಕ್ರೀಟಿನಲ್ಲಿ ರಂಧ್ರಗಳೂ ಹೆಚ್ಚು. ಅದು ಎಣ್ಣೆಯನ್ನೂ ಹೆಚ್ಚು ಕುಡಿಯುತ್ತದೆ.

ದೀಪದ ಬತ್ತಿಯಲ್ಲಿ ಎಣ್ಣೆ ಏರುವುದು ಲೋಮನಾಳ ಕ್ರಿಯೆಯಿಂದ. ಕಾಂಕ್ರೀಟಿನ ರಂಧ್ರಗಳೊಳಗೆ ಎಣ್ಣೆ ಇಳಿಯುವುದೂ ಅದರಿಂದಲೇ. ರಂಧ್ರ ಕಿರಿದಾದಷ್ಟೂ ಸೆಳೆತ ಹೆಚ್ಚು. ಆದರೆ ಎಂಜಿನ್ ಎಣ್ಣೆಯ ಸ್ನಿಗ್ಧತೆ ನೀರಿನದಕ್ಕಿಂತ ನೂರು ಪಟ್ಟಿಗೂ ಹೆಚ್ಚು. ಆದ್ದರಿಂದ ಅದು ನಿಧಾನವಾಗಿ ಸಾಗುತ್ತದೆ. ದ್ರವವು ಕ್ರಮಿಸುವ ದೂರ ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ ಎಂಬ ಸಂಬಂಧವನ್ನು 1921ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಎಡ್ವರ್ಡ್ ವಾಶ್‌ಬರ್ನ್ ನಿರೂಪಿಸಿದರು. ಎಣ್ಣೆ ಒಂದು ಗಂಟೆಯಲ್ಲಿ 1 ಮಿಲಿಮೀಟರ್ ಇಳಿಯಿತು ಎಂದಿಟ್ಟುಕೊಳ್ಳಿ. 2 ಮಿಲಿಮೀಟರ್ ಇಳಿಯಲು 4 ಗಂಟೆ, 3 ಮಿಲಿಮೀಟರ್ ಇಳಿಯಲು 9 ಗಂಟೆ ಬೇಕು. ಅಂದರೆ ಮೊದಲಲ್ಲಿ ವೇಗ ಹೆಚ್ಚು. ಎಣ್ಣೆ ಚೆಲ್ಲಿದ ಮೊದಲ ಗಂಟೆಯಲ್ಲಿ ಮಾಡಿದ ಕೆಲಸ ಮರುವಾರದ ಇಡೀ ದಿನದ ಶ್ರಮಕ್ಕಿಂತ ಮೇಲು.

ಕಲೆ ಕಪ್ಪಾಗಿ ಕಾಣುವುದಕ್ಕೂ ರಂಧ್ರಗಳೇ ಕಾರಣ. ಒಣ ಕಾಂಕ್ರೀಟಿನ ರಂಧ್ರಗಳಲ್ಲಿ ಗಾಳಿ ಇರುವುದರಿಂದ ಬೆಳಕು ಚೆನ್ನಾಗಿ ಚದರುತ್ತದೆ. ನೆಲ ಬಿಳುಪಾಗಿ ಕಾಣುತ್ತದೆ. ಎಣ್ಣೆಯ ವಕ್ರೀಭವನಾಂಕ ಸುಮಾರು 1.47. ಇದು ಸಿಮೆಂಟಿನ ಕಣಗಳ ವಕ್ರೀಭವನಾಂಕಕ್ಕೆ ಹತ್ತಿರ. ಗಾಳಿಯ ಜಾಗದಲ್ಲಿ ಎಣ್ಣೆ ತುಂಬಿದಾಗ ಬೆಳಕಿನ ಚದರಿಕೆ ತಗ್ಗುತ್ತದೆ. ಬಳಸಿದ ಎಣ್ಣೆಯಲ್ಲಿರುವ ಮಸಿ ಕಪ್ಪನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಮಾಡಬಾರದ್ದು

ಹಲವರು ಮೊದಲು ಹುಡುಕುವುದು ಆಸಿಡ್ ಬಾಟಲಿಯನ್ನು. ಹೈಡ್ರೊಕ್ಲೋರಿಕ್ ಆಮ್ಲ ಎಣ್ಣೆಯೊಡನೆ ವರ್ತಿಸುವುದಿಲ್ಲ. ಸಿಮೆಂಟಿನಲ್ಲಿರುವ ಕ್ಯಾಲ್ಸಿಯಂ ಸಂಯುಕ್ತಗಳೊಡನೆ ವರ್ತಿಸುತ್ತದೆ. ನೊರೆ ಬರುವುದು ನೆಲವೇ ಕರಗುತ್ತಿರುವುದರ ಗುರುತು. ಉಳಿಯುವ ಕ್ಲೋರೈಡು ಒಳಗಿನ ಕಬ್ಬಿಣದ ಸರಳುಗಳಿಗೆ ತುಕ್ಕು ಹಿಡಿಸಬಲ್ಲದು. ಆಸಿಡ್‌ಗೆ ಬ್ಲೀಚಿಂಗ್ ಪುಡಿ ಸೇರಿದರಂತೂ ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಪೆಟ್ರೋಲ್ ಎಣ್ಣೆಯನ್ನು ಕರಗಿಸುತ್ತದೆ, ನಿಜ. ಆದರೆ ಕರಗಿ ತೆಳುವಾದ ಎಣ್ಣೆ ರಂಧ್ರಗಳಲ್ಲಿ ಇನ್ನೂ ಆಳಕ್ಕೆ, ಇನ್ನೂ ಅಗಲಕ್ಕೆ ಹರಡುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮುಚ್ಚಿದ ಗ್ಯಾರೇಜಿನ ನೆಲದ ಮಟ್ಟದಲ್ಲಿ ಅದು ಶೇಖರವಾಗುತ್ತದೆ. ಸ್ವಿಚ್ಚಿನ ಒಂದು ಕಿಡಿ ಸಾಕು, ಬೆಂಕಿ ಹೊತ್ತಿಕೊಳ್ಳಲು. ಸೀಮೆಎಣ್ಣೆಯೂ ಬೇಡ.

ಮಾಡಬೇಕಾದ್ದು

ಎಣ್ಣೆ ಹೊಸದಾಗಿ ಚೆಲ್ಲಿದ್ದರೆ ಉಜ್ಜಬೇಡಿ. ಮರದ ಹೊಟ್ಟು, ಬೂದಿ ಅಥವಾ ಒಣ ಜೇಡಿಮಣ್ಣಿನ ಪುಡಿಯನ್ನು ದಪ್ಪವಾಗಿ ಹರಡಿ, ಮೆಲ್ಲಗೆ ಒತ್ತಿ, ಕೆಲವು ಗಂಟೆ ಬಿಟ್ಟು ಗುಡಿಸಿ.

ಕಲೆ ಹಳೆಯದಾದರೆ ಎರಡು ಹಂತ ಬೇಕು. ಮೊದಲನೆಯದು, ಎಣ್ಣೆಯನ್ನು ಸಡಿಲಿಸುವುದು. ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ಮಾರ್ಜಕದ ಪುಡಿ, ಎರಡು ಚಮಚ ವಾಷಿಂಗ್ ಸೋಡ ಬೆರೆಸಿ. ಕೈಗವಸು ಧರಿಸಿ ದ್ರಾವಣವನ್ನು ಕಲೆಯ ಮೇಲೆ ಸುರಿದು, ಕಾಲು ಗಂಟೆ ಬಿಟ್ಟು, ಗಡುಸಾದ ನಾರಿನ ಬ್ರಷ್‌ನಿಂದ ತಿಕ್ಕಿ. ಬಿಸಿಯಿಂದ ಎಣ್ಣೆಯ ಸ್ನಿಗ್ಧತೆ ತಗ್ಗುತ್ತದೆ. ಮಾರ್ಜಕದ ಅಣುವಿನ ಒಂದು ತುದಿ ನೀರನ್ನೂ ಇನ್ನೊಂದು ತುದಿ ಎಣ್ಣೆಯನ್ನೂ ಬಯಸುವುದರಿಂದ ಎಣ್ಣೆ ಪುಟ್ಟ ಹನಿಗಳಾಗಿ ನೀರಿಗೆ ಬರುತ್ತದೆ. ಸೋಡ ಗಡಸು ನೀರನ್ನು ಮೆದುವಾಗಿಸಿ ಮಾರ್ಜಕಕ್ಕೆ ನೆರವಾಗುತ್ತದೆ. ಅಡುಗೆ ಎಣ್ಣೆಯಂತೆ ಎಂಜಿನ್ ಎಣ್ಣೆ ಸೋಡದೊಡನೆ ಸಾಬೂನಾಗುವುದಿಲ್ಲ. ಅದು ಬಹುಮಟ್ಟಿಗೆ ಹೈಡ್ರೊಕಾರ್ಬನ್‌ಗಳ ಮಿಶ್ರಣ. ಆದ್ದರಿಂದ ಸೋಡ ಒಂದೇ ಸಾಲದು, ಮಾರ್ಜಕ ಬೇಕೇ ಬೇಕು. ಕೊಳೆ ನೊರೆಯನ್ನು ಚರಂಡಿಗೆ ಹರಿಸದೆ ಹಳೆಯ ಬಟ್ಟೆಯಿಂದ ಹೀರಿ ತೆಗೆಯಿರಿ.

ಎರಡನೆಯದು, ಎಣ್ಣೆಯನ್ನು ಮೇಲಕ್ಕೆ ಸೆಳೆಯುವುದು. ಮುಲ್ತಾನಿ ಮಿಟ್ಟಿ ಅಥವಾ ಸೀಮೆಸುಣ್ಣದ ಪುಡಿಯನ್ನು ಅದೇ ದ್ರಾವಣದಲ್ಲಿ ಕಲಸಿ, ಸುಮಾರು 6 ಮಿಲಿಮೀಟರ್ ದಪ್ಪಕ್ಕೆ ಮೆತ್ತಿ. ಕೆಲವು ಗಂಟೆ ಪ್ಲಾಸ್ಟಿಕ್ ಹಾಳೆ ಮುಚ್ಚಿಟ್ಟು, ಆಮೇಲೆ ತೆಗೆದು ಒಣಗಲು ಬಿಡಿ. ಮೇಲ್ಭಾಗದಲ್ಲಿ ನೀರು ಆವಿಯಾದಂತೆ ಕೆಳಗಿನ ದ್ರಾವಣ ಎಣ್ಣೆಯ ಹನಿಗಳನ್ನೂ ಹೊತ್ತು ಮೆತ್ತೆಯೊಳಕ್ಕೆ ಏರುತ್ತದೆ. ಯಾವ ಲೋಮನಾಳ ಕ್ರಿಯೆ ಎಣ್ಣೆಯನ್ನು ಒಳಕ್ಕೆ ಎಳೆಯಿತೋ ಅದನ್ನೇ ಈಗ ನಾವು ಹೊರಕ್ಕೆ ಎಳೆಯಲು ಬಳಸುತ್ತಿದ್ದೇವೆ. ಒಣಗಿದ ಮೆತ್ತೆಯನ್ನು ಕೆರೆದು ತೆಗೆದು, ಅಗತ್ಯವಿದ್ದರೆ ಮತ್ತೆ ಮೆತ್ತಿ. ಅತಿ ಸಣ್ಣ ರಂಧ್ರಗಳ ಸೆಳೆತವನ್ನು ಮೆತ್ತೆ ಮೀರಲಾರದು. ಆದ್ದರಿಂದ ಹಳೆಯ ಕಲೆಯ ಮಸುಕಾದ ಛಾಯೆ ಉಳಿದರೆ ಅಚ್ಚರಿಯಿಲ್ಲ.

ಹೀರಿದ ಎಣ್ಣೆ ಎಲ್ಲಿಗೆ?

ಎಣ್ಣೆ ಕುಡಿದ ಹೊಟ್ಟು, ಪುಡಿ, ಬಟ್ಟೆಗಳನ್ನು ಸುಡಬೇಡಿ, ತೋಟಕ್ಕೂ ಚೆಲ್ಲಬೇಡಿ. ಬಳಸಿದ ಎಂಜಿನ್ ಎಣ್ಣೆಯಲ್ಲಿ ಲೋಹದ ಕಣಗಳೂ ಕ್ಯಾನ್ಸರ್‌ಕಾರಕ ಹೈಡ್ರೊಕಾರ್ಬನ್‌ಗಳೂ ಇರುತ್ತವೆ. ಭಾರತದ 2016ರ ನಿಯಮಗಳು ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿಸುತ್ತವೆ. ಇವನ್ನು ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ಅಪಾಯಕಾರಿ ತ್ಯಾಜ್ಯವನ್ನು ಪ್ರತ್ಯೇಕವಾಗಿ ಸಂಗ್ರಹಿಸುವವರಿಗೇ ಕೊಡಿ. ಕಲೆಯನ್ನು ನೆಲದಿಂದ ಕೆರೆಗೆ ಸಾಗಿಸಿದರೆ ಅದು ಸ್ವಚ್ಛತೆಯಲ್ಲ.

ತರಗತಿಯಲ್ಲಿ ಮಾಡಿ ನೋಡಿ

ಬಣ್ಣದ ಸೀಮೆಸುಣ್ಣದ ಕಡ್ಡಿಯೊಂದನ್ನು ತಟ್ಟೆಯಲ್ಲಿರುವ ಕಡಲೆಕಾಯಿ ಎಣ್ಣೆಯಲ್ಲಿ ನೆಟ್ಟಗೆ ನಿಲ್ಲಿಸಿ. 1, 4, 9, 16 ನಿಮಿಷಗಳಾದಾಗ ಎಣ್ಣೆ ಏರಿದ ಎತ್ತರವನ್ನು ಪೆನ್ಸಿಲಿನಿಂದ ಗುರುತಿಸಿ. ಎತ್ತರ ಮತ್ತು ಕಾಲದ ವರ್ಗಮೂಲಗಳ ನಡುವೆ ನಕ್ಷೆ ಎಳೆಯಿರಿ. ಅದು ಸರಳರೇಖೆಗೆ ಎಷ್ಟು ಹತ್ತಿರವಿದೆ? ಇನ್ನೊಂದು ಕಡ್ಡಿಯನ್ನು ಮೊದಲು ನೀರಿನಲ್ಲಿ ಪೂರ್ತಿ ನೆನೆಸಿ, ಮೇಲಿನ ನೀರನ್ನು ಒರೆಸಿ, ಅನಂತರ ಎಣ್ಣೆಯಲ್ಲಿ ನಿಲ್ಲಿಸಿ. ಈಗ ಎಣ್ಣೆ ಏರುತ್ತದೆಯೇ? ಇದರಿಂದ ನೆಲವನ್ನು ಎಣ್ಣೆಯಿಂದ ಕಾಪಾಡುವ ಉಪಾಯವೇನಾದರೂ ಹೊಳೆಯುತ್ತದೆಯೇ ಎಂದು ವಿದ್ಯಾರ್ಥಿಗಳೊಡನೆ ಚರ್ಚಿಸಿ.